ಹೊಕ್ಕಿನ ಸಾಲು, ಬೈಟಿನ ಸಾಲು: ಚೌಕದ ಚಿತ್ರ ತಿದ್ದಿದವರ ಚರಿತ್ರೆ

ದೊಡ್ಡಬಳ್ಳಾಪುರದ ಜಕಾರ್ಡ್ ಮಗ್ಗದಲ್ಲಿ ಸೆರಗಿನ ಮೇಲೆ ನವಿಲು ಮೂಡಬೇಕಾದರೆ ಅದು ಮೊದಲು ಗ್ರಾಫ್ ಹಾಳೆಯ ಚೌಕಗಳಲ್ಲಿ ಕೂರಬೇಕು. ಉದ್ದಸಾಲು ಹುಕ್ಕಿಗೆ, ಅಡ್ಡಸಾಲು ಹೊಕ್ಕಿಗೆ. ಬಣ್ಣ ತುಂಬಿದ ಚೌಕಕ್ಕೆ ರಟ್ಟಿನ ಕಾರ್ಡಿನಲ್ಲಿ ತೂತು. ತೂತಿದ್ದಲ್ಲಿ ಹುಕ್ ಹಾಸಿನ ಎಳೆಯನ್ನು ಎತ್ತುತ್ತದೆ. ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ಫ್ರಾನ್ಸಿನ ಲಿಯೋನ್‌ನಲ್ಲಿ ರೂಪಿಸಿದ ಈ ಏರ್ಪಾಟಿನಲ್ಲಿ ಚಿತ್ರಗಾರನ ಸ್ವಾತಂತ್ರ್ಯ ಹುಕ್ಕುಗಳ ಲೆಕ್ಕಕ್ಕೆ ಮುಗಿಯುತ್ತದೆ.

ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್‌ನ ರಾಮ್ ಫೈಲ್, ಅಂದರೆ ಇಡೀ ಆಟವಿರುವ ಫೈಲ್ ಬಿಚ್ಚಿ, ಒಳಗಿನ ಚಿತ್ರಗಳನ್ನು ಬದಲಿಸುವ ಹವ್ಯಾಸಕ್ಕೆ ರಾಮ್ ಹ್ಯಾಕಿಂಗ್ ಎನ್ನುತ್ತಾರೆ. ಅದನ್ನು ಕಂಪ್ಯೂಟರ್ ಚಿತ್ರಕಲೆಯ ಪಾಲಿಗೆ ಸೇರಿಸುವುದೇ ವಾಡಿಕೆ. ನನಗೆ ಕಂಡಂತೆ ಅದರ ಹತ್ತಿರದ ನಂಟು ರಟ್ಟಿನ ಕಾರ್ಡಿನೊಂದಿಗೆ.

ನಿಂಟೆಂಡೊ 1989ರಲ್ಲಿ ತಂದ ಗೇಮ್ ಬಾಯ್‌ನ ಪರದೆ 160 × 144 ಚುಕ್ಕಿಗಳದು. ಅದರ ಚಿತ್ರವೆಲ್ಲ 8 × 8 ಚೌಕದ ತುಣುಕುಗಳಲ್ಲಿ. ತುಣುಕಿಗೆ 16 ಬೈಟ್, ಸಾಲಿಗೆ ಎರಡು. ಒಂದು ಸಾಲಿನ ಬೈಟ್‌ಗಳು 00111100 ಮತ್ತು 01111110 ಎಂದಿರಲಿ. ಮೇಲೆ ಕೆಳಗೆ ಇಟ್ಟು ಓದಿದರೆ 0, 2, 3, 3, 3, 3, 2, 0 ಎಂಬ ಛಾಯೆಗಳು ಸಿಗುತ್ತವೆ: ನಡುವೆ ಕಡುಕಪ್ಪು, ಅಂಚಿಗೆ ತುಸು ತೆಳು. ಜರಿಯ ಜತೆ ಇನ್ನೊಂದು ಬಣ್ಣದ ಹೊಕ್ಕು ಬಂದರೆ ಗ್ರಾಫಿನ ಒಂದೇ ಸಾಲಿಗೆ ಎರಡು ಕಾರ್ಡು ಹೊಡೆಯಬೇಕಾಗುತ್ತದೆ, ಇಲ್ಲಿಯೂ ಹಾಗೆಯೇ. ಒಂದು ವ್ಯತ್ಯಾಸವುಂಟು. ಮಗ್ಗದಲ್ಲಿ ಕಾರ್ಡಿಗೊಂದು ಬಣ್ಣ, ಗೇಮ್ ಬಾಯ್‌ನಲ್ಲಿ ಎರಡೂ ಬೈಟ್ ಕೂಡಿದರೇನೇ ಛಾಯೆ. ಓಡಾಡುವ ಪಾತ್ರದ ಚಿತ್ರಕ್ಕೆ, ಅಂದರೆ ಸ್ಪ್ರೈಟ್‌ಗೆ, ನಾಲ್ಕರಲ್ಲಿ ಒಂದು ಪಾರದರ್ಶಕವಾಗಿ ಹೋಗಿ ಉಳಿಯುವುದು ಮೂರೇ.

ಟೈಲ್ ಲೇಯರ್ ಪ್ರೊನಂಥ ಸಾಧನಗಳು ಈ ಬೈಟ್‌ಗಳನ್ನು ಚೌಕಗಳಾಗಿ ತೋರಿಸಿದ್ದರಿಂದ ಶಾಲಾ ಹುಡುಗರೂ ನಾಯಕನ ಟೋಪಿ ಬದಲಿಸುವಂತಾಯಿತು. ಕೆಲಸ ನಿಜಕ್ಕೂ ಕಗ್ಗಂಟಾದದ್ದು 2001ರ ಗೇಮ್ ಬಾಯ್ ಅಡ್ವಾನ್ಸ್ ಬಂದ ಮೇಲೆ. ಪರದೆ 240 × 160 ಆಯಿತು. (ನಮ್ಮಲ್ಲಿ 240 ಹುಕ್ಕಿನ ಜಕಾರ್ಡ್ ಬಳಕೆಯಲ್ಲಿರುವುದು ಬರೀ ಕಾಕತಾಳೀಯ, ಆದರೂ ಹೇಳದಿರಲಾರೆ.) ಸ್ಪ್ರೈಟ್‌ಗೆ 16 ಬಣ್ಣದ ಪ್ಯಾಲೆಟ್. 2004ರ ಪೊಕೆಮಾನ್ ಫೈರ್‌ರೆಡ್‌ನಲ್ಲಿ ಎದುರಾಳಿಯ ಚಿತ್ರ 64 × 64 ಚುಕ್ಕಿ, ಬಿಚ್ಚಿದರೆ 2,048 ಬೈಟ್. ಆದರೆ ಫೈಲಿನಲ್ಲಿ ಅದನ್ನು ಎಲ್‌ಝಡ್77 ವಿಧಾನದಲ್ಲಿ ಒತ್ತಿಟ್ಟಿರುವುದರಿಂದ ಹಳೆಯ ಸಾಧನಕ್ಕೆ ಕಾಣುವುದು ಬರೀ ಚುಕ್ಕಿಗಳ ರಾಶಿ. ಅನ್‌ಎಲ್‌ಝಡ್ ಎಂಬ ಸಾಧನ ಒತ್ತಿಟ್ಟ ಚಿತ್ರಗಳನ್ನು ಹುಡುಕಿ ಬಿಚ್ಚಿ ತೋರಿಸಿತು.

ಹೊಸ ಚಿತ್ರ ಒತ್ತಿದ ಮೇಲೆ ಹಳೆಯದಕ್ಕಿಂತ ದೊಡ್ಡದಾದರೆ ಪಕ್ಕದ ಮಾಹಿತಿಯನ್ನು ಅಳಿಸಿಬಿಡುತ್ತದೆ. ಆಗ ಫೈಲಿನಲ್ಲಿ ಎಫ್‌ಎಫ್ ಬೈಟ್‌ಗಳು ತುಂಬಿದ ಖಾಲಿ ಜಾಗಕ್ಕೆ ಅದನ್ನು ಸಾಗಿಸಿ, ವಿಳಾಸ ತಿದ್ದಬೇಕು. 800000 ಎಂಬ ಜಾಗಕ್ಕೆ ಒಯ್ದರೆ, ಮುಂದೆ 08 ಸೇರಿಸಿ, ಬರೆಯುವುದು 00 00 80 08 ಎಂದು, ಹಿಂದುಮುಂದಾಗಿ. ಬಯಲು ಬಯಲಾಗಿರುವ ಚಿತ್ರ ಚೆನ್ನಾಗಿ ಒತ್ತಿಕೊಳ್ಳುತ್ತದೆ, ಚುಕ್ಕಿಚುಕ್ಕಿಯ ನೆರಳು ತುಂಬಿದ್ದು ಉಬ್ಬುತ್ತದೆ. ಈ ಆಟಗಳ ಚಿತ್ರಶೈಲಿಯನ್ನು ವಿಮರ್ಶಿಸುವವರು ಯಂತ್ರದ ಈ ಒತ್ತಡವನ್ನು ಗಮನಿಸದೆ ಎಲ್ಲವನ್ನೂ ಅಭಿರುಚಿಯ ಲೆಕ್ಕಕ್ಕೆ ಹಾಕುವುದು ಸರಿಯಲ್ಲ.

ತಿದ್ದಿದ ಫೈಲನ್ನು ಇಡಿಯಾಗಿ ಹಂಚಿದರೆ ಮೂಲ ಕಂಪನಿಯ ಆಟವನ್ನೇ ಹಂಚಿದಂತೆ. ಹಾಗಾಗಿ ಬದಲಾದ ಬೈಟ್‌ಗಳನ್ನೂ ಅವುಗಳ ಜಾಗವನ್ನೂ ಮಾತ್ರ ಹೇಳುವ ಪ್ಯಾಚ್ ಬಳಕೆಗೆ ಬಂತು. ಐಪಿಎಸ್ ಎಂಬ ಹಳೆಯ ಪ್ಯಾಚ್‌ನಲ್ಲಿ (ಪೊಲೀಸರದ್ದಲ್ಲ) ವಿಳಾಸಕ್ಕೆ ಮೂರೇ ಬೈಟ್, 16 ಮೆಗಾಬೈಟ್ ದಾಟುವಂತಿಲ್ಲ. 2008ರ ಯುಪಿಎಸ್ ಆ ಬೇಲಿ ತೆಗೆಯಿತು. ಪ್ಯಾಚ್‌ನೊಳಗಿನ ಹೊಸ ಚಿತ್ರವೂ ಕಂಪನಿಯ ಪಾತ್ರವನ್ನೇ ಹೋಲುತ್ತಿದ್ದರೆ ಹಕ್ಕಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸೀರೆಯ ನಕಾಶೆಯ ಪಾಡೇ ಬೇರೆ. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ, ಮತ್ತೆ 5 ವರ್ಷ ರಕ್ಷಣೆ. ನೋಂದಾಯಿಸದೆ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ವಿನ್ಯಾಸದ ಮೇಲಿನ ಹಕ್ಕುಸ್ವಾಮ್ಯವೇ ಮುಗಿಯುತ್ತದೆ.