ಕೌದಿ, ತೊಗಲುಗೊಂಬೆ, ಮುಪ್ಪು: ಕೊಪ್ಪಳ ಸೀಮೆಯ ಒಂದು ಚರಿತ್ರೆ

ಇಳಿವಯಸ್ಸಿನವರ ಮನಸ್ಸಿನ ನೆಮ್ಮದಿಗಾಗಿ ಬಣ್ಣ, ದಾರ, ಹಾಡುಗಳನ್ನು ಕ್ರಮವಾಗಿ ಬಳಸುವ ಪದ್ಧತಿಗೆ ಇಂದು ಕಲಾಚಿಕಿತ್ಸೆ ಎಂಬ ಹೆಸರಿದೆ. ಇಂಗ್ಲಿಷಿನಲ್ಲಿ ಈ ಹೆಸರನ್ನು 1942ರಲ್ಲಿ ಬಳಕೆಗೆ ತಂದವನು ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಚಿತ್ರಕಾರ. ಕ್ಷಯರೋಗಿಯಾಗಿ ಆರೋಗ್ಯಧಾಮದಲ್ಲಿದ್ದಾಗ ಚಿತ್ರ ಬರೆಯುವುದರಿಂದ ತನಗಾದ ಉಪಶಮನವನ್ನು ಕಂಡು ಅವನು ಅದನ್ನು ಇತರ ರೋಗಿಗಳಿಗೂ ಕಲಿಸಿದನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗಳಲ್ಲಿ ಇಂಥ ಹೆಸರಿರಲಿಲ್ಲ, ಏಕೆಂದರೆ ಅಲ್ಲಿ ವೃದ್ಧರಿಗೆ ಕಲೆಯನ್ನು ಮದ್ದೆಂದು ಕೊಟ್ಟವರಿಲ್ಲ. ಮನೆಯ ದುಡಿಮೆಯಲ್ಲಿ ಅವರ ಪಾಲಿನ ಕೆಲಸವಾಗಿಯೇ ಅದು ಅವರ ಕೈಯಲ್ಲಿ ಉಳಿದಿತ್ತು.

ಈ ಮಾತಿಗೆ ತೊಗಲುಗೊಂಬೆಯಾಟ ಒಳ್ಳೆಯ ಸಾಕ್ಷಿ. ಹದಮಾಡಿ ಬೆಳಕು ಹಾಯುವಷ್ಟು ತೆಳುವಾಗಿಸಿದ ತೊಗಲಿನ ಮೇಲೆ ಬಣ್ಣದ ಆಕೃತಿಗಳನ್ನು ಬರೆದು, ಬಿಳಿಯ ಪರದೆಯ ಹಿಂದೆ ದೀಪವಿಟ್ಟು ಆಡಿಸುವ ಈ ಆಟವನ್ನು ನಡೆಸಿಕೊಂಡು ಬಂದವರು ಶಿಳ್ಳೇಕ್ಯಾತರು ಅಥವಾ ಕಿಳ್ಳೇಕ್ಯಾತರು. ಆಟದಲ್ಲಿ ಬರುವ ಹಾಸ್ಯದ ಪಾತ್ರದ ಹೆಸರೂ ಕಿಳ್ಳೇಕ್ಯಾತನೇ. ಮಳೆ ಬಾರದ ವರ್ಷಗಳಲ್ಲಿ ಊರವರು ಇವರನ್ನು ಕರೆಸಿ ಆಡಿಸುವ ರೂಢಿಯಿತ್ತು, ಮೇಲಿಂದ ಮೇಲೆ ಬರ ಕಂಡ ಈ ಸೀಮೆಯಲ್ಲಿ ಅದು ಕೇವಲ ಮನರಂಜನೆಯಾಗಿರಲಿಲ್ಲ. ರಾಮಾಯಣ, ಮಹಾಭಾರತಗಳ ಹಾಡು ಮಾತುಗಳೆಲ್ಲ ಬಾಯಿಂದ ಬಾಯಿಗೆ ಬಂದವಾದ್ದರಿಂದ ಮನೆತನದ ಹಿರಿಯರೇ ಅದರ ಗ್ರಂಥವಾಗಿದ್ದರು. ಕಾಲಿನ ಬಲ ಕುಂದಿದರೂ ಕಥೆಯ ಎಳೆ ಅವರ ನೆನಪಿನಲ್ಲಿರುವವರೆಗೆ ಮೇಳಕ್ಕೆ ಅವರು ಬೇಕಾಗುತ್ತಿದ್ದರು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಹದಿಹರೆಯದಲ್ಲಿ ಹಿಡಿದ ಈ ಕಲೆಯನ್ನು ಹೊರದೇಶಗಳವರೆಗೆ ಒಯ್ದು, 2025ರಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದದ್ದು ನಾಡಿಗೆಲ್ಲ ಹೆಮ್ಮೆಯ ಸಂಗತಿ.

ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿಯೂ ಇಂಥದೇ ಏರ್ಪಾಡು ಕಾಣುತ್ತದೆ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದವರು ತಮ್ಮ ಪೂರ್ವಜರೆಂದು ನಂಬುವ ಈ ಕುಲದವರು ಹಗುರವಾದ ಮರದಲ್ಲಿ ಗೌರಿ, ಗರುಡ, ಪ್ರಾಣಿಪಕ್ಷಿಗಳನ್ನು ಕೆತ್ತುತ್ತಾರೆ. ಗೋಣಿಚಿಂದಿಯ ಪುಡಿಯನ್ನು ಮರದ ಹೊಟ್ಟಿನೊಡನೆ ಹುಣಸೆಬೀಜದ ಅಂಟಿನಲ್ಲಿ ಕಲಸಿ ಮಾಡುವ ಮೆತ್ತುಗೆಗೆ ಕಿಟ್ಟ ಎಂದು ಹೆಸರು. ಮನೆಮಂದಿಯೆಲ್ಲ ಕೂಡಿ ಮಾಡುವ ಕಸುಬಿನಲ್ಲಿ ಹೀಗೆ ಕುಳಿತಲ್ಲೇ ಮಾಡಬಹುದಾದ ಕೆಲಸಗಳಿದ್ದುದರಿಂದ, ಉಳಿ ಹಿಡಿಯಲಾರದ ಕೈಗೂ ಉದ್ಯೋಗ ತಪ್ಪುತ್ತಿರಲಿಲ್ಲ.

ತೊಗಲುಗೊಂಬೆ, ಮರದ ಗೊಂಬೆಗಳು ಕೆಲವೇ ಕುಲಗಳ ಸೊತ್ತಾದರೆ, ಕೌದಿ ಎಲ್ಲ ಮನೆಗಳದು. ಉಟ್ಟು ಸವೆದ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸಣ್ಣ ಸಣ್ಣ ಹೊಲಿಗೆಯಿಂದ ಬಿಗಿದ ಈ ಹೊದಿಕೆಯನ್ನು ಹೊಲಿಯುವವರು ಬಹುಪಾಲು ಹಿರಿಯ ಹೆಂಗಸರು. ಹೊಲದ ಕೆಲಸ ಕಡಿಮೆಯಾಗುವ ಬೇಸಿಗೆಯಲ್ಲಿ ಕಟ್ಟೆಯ ಮೇಲೆ ನಾಲ್ಕಾರು ಮಂದಿ ಸುತ್ತ ಕುಳಿತು ಹೊಲಿಯುವುದು ರೂಢಿ. ತುಂಡುಗಳನ್ನು ಆಯ್ದು ಹೊಂದಿಸುವಲ್ಲಿ ಕಣ್ಣಿಗೂ ಮನಸ್ಸಿಗೂ ಕೆಲಸವಿದೆ, ಹೊಲಿಗೆಯ ಸಮಲಯದಲ್ಲಿ ಉಸಿರು ತಾನಾಗಿ ನಿಧಾನಗೊಳ್ಳುತ್ತದೆ, ಸುತ್ತ ಕೂತವರೊಡನೆ ಸುಖದುಃಖದ ಮಾತೂ ನಡೆಯುತ್ತದೆ. ಆದರೂ ಇವೆಲ್ಲಕ್ಕಿಂತ ಮಿಗಿಲಾದದ್ದು ಕೌದಿಗೆ ಹೊದೆಯುವವರಿರುವುದು: ಹುಟ್ಟಲಿರುವ ಮೊಮ್ಮಗುವಿಗೋ, ಗಂಡನ ಮನೆಗೆ ಹೊರಟ ಮೊಮ್ಮಗಳಿಗೋ ಎಂದು ಹೊಲಿಯುವ ಅಜ್ಜಿಗೆ ತನ್ನ ಕೆಲಸಕ್ಕಾಗಿ ಕಾಯುವ ಜೀವವೊಂದಿದೆ ಎಂಬ ಅರಿವಿರುತ್ತದೆ. ಮುಪ್ಪಿನಲ್ಲಿ ಮನಸ್ಸನ್ನು ಹಿಡಿದು ನಿಲ್ಲಿಸುವುದು ಬಣ್ಣ ದಾರಗಳಿಗಿಂತ ಹೆಚ್ಚಾಗಿ ಈ ಅರಿವೇ.

ವೃದ್ಧಾಶ್ರಮದ ಕಾಲ ಇದನ್ನು ಬೇರೆಯಾಗಿ ನೋಡಿತು. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕೇಂದ್ರ ಕಾಯ್ದೆಯ 19ನೇ ಕಲಮು, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ನೆಲೆ ಕೊಡುವಂತೆ ವೃದ್ಧಾಶ್ರಮಗಳನ್ನು ಹಂತಹಂತವಾಗಿ ತೆರೆಯುವ ಮಾತನ್ನಾಡಿ, ಅಲ್ಲಿನ ಸೇವೆಗಳ ಪೈಕಿ ವೈದ್ಯಕೀಯ ಆರೈಕೆಯನ್ನೂ ಮನರಂಜನೆಯ ಸಾಧನಗಳನ್ನೂ ಹೆಸರಿಸುತ್ತದೆ. ಮನರಂಜನೆ ಎಂಬ ಆ ಪದ ಹಿರಿಯರನ್ನು ನೋಡುಗರ ಸಾಲಿನಲ್ಲಿ ಕೂರಿಸುತ್ತದೆ. ಅಮೆರಿಕದಲ್ಲಿ ಜೀನ್ ಕೋಹೆನ್ ಎಂಬ ವೈದ್ಯರು 2001ರಲ್ಲಿ ಆರಂಭಿಸಿದ ಅಧ್ಯಯನ ಬೇರೆ ದಿಕ್ಕನ್ನು ತೋರಿಸಿತು. 65 ವರ್ಷ ಮೀರಿದವರು ನುರಿತ ಕಲಾವಿದರ ಮಾರ್ಗದರ್ಶನದಲ್ಲಿ ಮೇಳಗಾನ ಕಲಿತು ಸಭೆಯ ಮುಂದೆ ಹಾಡಿದಾಗ, ಹಾಗೆ ಹಾಡದವರಿಗಿಂತ ಅವರಲ್ಲಿ ಒಂಟಿತನ ಕಡಿಮೆಯಿದ್ದು ಆರೋಗ್ಯವೂ ಉತ್ತಮವಾಗಿದ್ದುದು ಕಂಡುಬಂತು. ಭಜನೆ, ಬಯಲಾಟ, ಮೊಹರಂ ಪದಗಳ ನಾಡಿಗೆ ಇದು ಪರಿಚಿತ ಸತ್ಯ.

ಆಶ್ರಮದ ಪಡಸಾಲೆಗೆ ಕೌದಿಯ ಹೊಲಿಗೆಯನ್ನು ತರಬೇಕೆಂದರೆ ಸೂಜಿ, ದಾರ, ಹೊಸ ಬಟ್ಟೆಗಳನ್ನು ಒದಗಿಸುವುದು ಕಷ್ಟವಲ್ಲ. ಆದರೆ ಕೌದಿಗೆ ಬೇಕಾದದ್ದು ಹಳೆಯ ಬಟ್ಟೆ: ತಾಯಿ ಉಟ್ಟ ಇಳಕಲ್ ಸೀರೆಯ ಸೆರಗು, ಗಂಡನ ಧೋತರದ ಅಂಚು, ಮಗನ ಬಾಲ್ಯದ ಅಂಗಿ. ಆ ಗಂಟು ಬಿಟ್ಟು ಬಂದ ಮನೆಯಲ್ಲಿಯೇ ಉಳಿದಿರುತ್ತದೆ.