ದೊಡ್ಡ ಸ್ವಾಮಿಯವರು: ಫ್ರಾನ್ಸಿನಿಂದ ಮೈಸೂರು ಸೀಮೆಗೆ ಬಂದ ಅಬ್ಬೆ ದುಬುವಾ

ಹೊಸೂರು: 1826ರಲ್ಲಿ ಪ್ಯಾರಿಸ್ ನಗರದಲ್ಲಿ ಪಂಚತಂತ್ರದ ಕಥೆಗಳು ಫ್ರೆಂಚ್ ಭಾಷೆಯಲ್ಲಿ ಅಚ್ಚಾದವು. ಅನುವಾದಕರು ಎದುರಿಗಿಟ್ಟುಕೊಂಡಿದ್ದ ಪ್ರತಿಗಳು ಮೂರು. ಒಂದು ತಮಿಳಿನದು, ಒಂದು ತೆಲುಗಿನದು, ಇನ್ನೊಂದು ಕನ್ನಡದ್ದು. ಈ ಮೂರೂ ಭಾಷೆಗಳು ಒಂದೇ ಸಂತೆಯಲ್ಲಿ ಕೇಳಿಬರುವ ಹೊಸೂರು, ಕೆಲಮಂಗಲ, ತಳಿ ಭಾಗದವರಿಗೆ ಇದು ದೊಡ್ಡ ವಿಷಯವೆಂದು ಅನಿಸಲಾರದು. ಆದರೆ ಅನುವಾದಕರು ದಕ್ಷಿಣ ಫ್ರಾನ್ಸಿನ ಒಬ್ಬ ಕ್ರೈಸ್ತ ಪಾದ್ರಿ. ಹೆಸರು ಜಾನ್ ಆಂತ್ವಾನ್ ದುಬುವಾ.

ಕನ್ನಡಿಗರಿಗೆ ಪಾದ್ರಿ ಎಂದ ಕೂಡಲೇ ನೆನಪಾಗುವುದು ನಿಘಂಟಿನ ಕಿಟೆಲ್. ಕಿಟೆಲ್ ಮಂಗಳೂರಿಗೆ ಬಂದದ್ದು 1853ರಲ್ಲಿ. ಅದಕ್ಕೆ ಅರವತ್ತು ವರ್ಷ ಮೊದಲೇ ಬಂದು, ಮೂವತ್ತು ವರ್ಷ ಈ ನೆಲದಲ್ಲಿ ಓಡಾಡಿದವರು ದುಬುವಾ. ಶ್ರೀರಂಗಪಟ್ಟಣದ ಪ್ರವಾಸಿಗರು ಇವರ ಹೆಸರನ್ನು 'ಅಬ್ಬೆ ದುಬಾಯ್' ಎಂದು ಕೇಳಿರುತ್ತಾರೆ. ಇಲ್ಲಿ 'ಅಬ್ಬೆ' ಎಂದರೆ ನಮ್ಮ ಹಳಗನ್ನಡದ ತಾಯಿ ಅಲ್ಲ, ಫ್ರಾನ್ಸಿನಲ್ಲಿ ಪಾದ್ರಿಗಳಿಗೆ ಸಲ್ಲುವ ಬಿರುದು. ಜನ ಕರೆಯುತ್ತಿದ್ದದ್ದು 'ದೊಡ್ಡ ಸ್ವಾಮಿಯವರು' ಎಂದು.

ಊರು ಬಿಟ್ಟು ಬಂದದ್ದು

ದುಬುವಾ ಪಾದ್ರಿ ದೀಕ್ಷೆ ಪಡೆದದ್ದು 1792ರಲ್ಲಿ. ಫ್ರಾನ್ಸಿನಲ್ಲಿ ಆಗ ಮಹಾಕ್ರಾಂತಿಯ ಕಾಲ, ಪಾದ್ರಿಗಳಿಗೆ ಕಷ್ಟದ ದಿನಗಳು. ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯವರು ಅದೇ ವರ್ಷ ಅವರನ್ನು ಭಾರತಕ್ಕೆ ಹಡಗು ಹತ್ತಿಸಿದರು. ವಯಸ್ಸು ಸುಮಾರು ಇಪ್ಪತ್ತಾರು. ಸೇರಿಕೊಂಡದ್ದು ಪಾಂಡಿಚೇರಿ ಮಿಷನ್. ಮೊದಲ ಕೆಲವು ವರ್ಷ ಇಂದಿನ ತಮಿಳುನಾಡಿನ ಜಿಲ್ಲೆಗಳಲ್ಲಿ ಕೆಲಸ.

ಈ ಪ್ಯಾರಿಸ್ ಸಂಸ್ಥೆ ನಮ್ಮ ಭಾಗಕ್ಕೂ ಹೊಸದಲ್ಲ. 1930ರಲ್ಲಿ ಸೇಲಂ ಧರ್ಮಪ್ರಾಂತ್ಯ ಆದಾಗ ಅದರ ಮೊದಲ ಬಿಷಪ್ ಆಗಿದ್ದವರು ಇದೇ ಸಂಸ್ಥೆಯ ಆಂರಿ ಪ್ರುನಿಯೆ. ಆ ಸೇಲಂ ಪ್ರಾಂತ್ಯದಿಂದ 1997ರಲ್ಲಿ ಬೇರೆಯಾದದ್ದೇ ಧರ್ಮಪುರಿ ಧರ್ಮಪ್ರಾಂತ್ಯ. ಕೃಷ್ಣಗಿರಿ ಜಿಲ್ಲೆಯ ಕಥೋಲಿಕ ಚರ್ಚುಗಳು ಇಂದು ಅದಕ್ಕೆ ಸೇರಿವೆ.

ದುಬುವಾ ಬಂದ ವರ್ಷ ಈ ಗಡಿಯ ಇತಿಹಾಸದಲ್ಲೂ ಮುಖ್ಯವಾದದ್ದು. 1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ಸುಲ್ತಾನರು ಕೃಷ್ಣಗಿರಿ ಸೇರಿದ ಬಾರಾಮಹಲ್ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಹೊಸೂರು ಕಡೆಯ ಮೇಲ್ಸೀಮೆ ಕಂಪನಿಗೆ ಖಾಯಂ ಆಗಿ ಹೋದದ್ದು 1799ರಲ್ಲಿ, ಟಿಪ್ಪು ಮಡಿದ ಮೇಲೆ. ಆ ಯುದ್ಧಕ್ಕೆ ಹೊರಟ ಜನರಲ್ ಹ್ಯಾರಿಸ್‌ನ ಸೈನ್ಯ ಹಾದುಹೋದದ್ದು ರಾಯಕೋಟೆ, ಕೆಲಮಂಗಲ, ಆನೇಕಲ್ ದಾರಿಯಲ್ಲೇ.

ಶ್ರೀರಂಗಪಟ್ಟಣದಲ್ಲಿ ಹೊಸ ಕೆಲಸ

ಯುದ್ಧ ಮುಗಿದ ಮೇಲೆ ದುಬುವಾ ಮೈಸೂರು ಸೀಮೆಗೆ ಬಂದರು. ಅಲ್ಲಿನ ಕ್ರೈಸ್ತರ ಸ್ಥಿತಿ ಕೆಟ್ಟಿತ್ತು. 1784ರಲ್ಲಿ ಟಿಪ್ಪು ಕೆನರಾ ಕರಾವಳಿಯ ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದರು. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಅನೇಕರು ಬಲವಂತದಿಂದ ಮತ ಬದಲಿಸಬೇಕಾಯಿತು. ಉಳಿದವರು ಚೆದುರಿ ಹೋಗಿದ್ದರು. ಇವರನ್ನು ಮತ್ತೆ ಒಂದೆಡೆ ಸೇರಿಸುವುದು ದುಬುವಾ ಅವರ ಪಾಲಿಗೆ ಬಂದ ಕೆಲಸ. ಗಂಜಾಂನಲ್ಲಿ ಚರ್ಚು ಎದ್ದಿತು. ಅದಕ್ಕೆ ಇಂದಿಗೂ ಅವರದೇ ಹೆಸರು.

ಸೋತು ಬಂದವರಿಗೆ ಪ್ರಾರ್ಥನೆ ಒಂದೇ ಸಾಲದು, ಹೊಟ್ಟೆಗೂ ಬೇಕು. ಅದಕ್ಕಾಗಿ ದುಬುವಾ ಬೇಸಾಯದ ನೆಲೆಗಳನ್ನು ಮಾಡಿಸಿದರು. ಹಾಸನದ ಹತ್ತಿರದ ಸಾತಳ್ಳಿ ಅವುಗಳಲ್ಲಿ ಹೆಸರಾದದ್ದು. ನೆಲ ಕೊಡಿಸಿ, ಒಕ್ಕಲು ಕೂರಿಸಿ, ಚರ್ಚನ್ನು ಊರಿನ ನಡುವೆ ಇಡುವುದು ಅವರ ಕ್ರಮ. ಬೆಂಗಳೂರಿನ ಶಿವಾಜಿನಗರದಲ್ಲಿ ಇಂದು ದೊಡ್ಡದಾಗಿ ನಿಂತಿರುವ ಸೇಂಟ್ ಮೇರಿ ಬೆಸಿಲಿಕಾದ ಮೂಲವೂ ದುಬುವಾ ಕಾಲದ ಒಂದು ಹುಲ್ಲು ಹೊದಿಸಿದ ಗುಡಿಯೇ.

ಅವರ ಬದುಕಿನ ರೀತಿಯೂ ಬೇರೆ ಯುರೋಪಿಯನ್ನರಂತಿರಲಿಲ್ಲ. ಕಂಪನಿ ಅಧಿಕಾರಿಗಳ ಸಹವಾಸ ಕಡಿಮೆ ಮಾಡಿ ಹಳ್ಳಿಗಳಲ್ಲಿ ಉಳಿದರು. ಇಲ್ಲಿನವರಂತೆ ಬಟ್ಟೆ ಉಟ್ಟರು, ತಲೆಗೆ ರುಮಾಲು ಸುತ್ತಿದರು, ಗಡ್ಡ ಬಿಟ್ಟರು. ಊಟ ಉಪಚಾರಗಳಲ್ಲೂ ಊರಿನ ಪದ್ಧತಿಗೆ ಹೊಂದಿಕೊಂಡರು. ಯಾರ ನಡುವೆ ಕೆಲಸ ಮಾಡಬೇಕೋ ಅವರ ಒಳಬಾಳು ತಿಳಿಯದೆ ಪಾದ್ರಿಯ ಕೆಲಸ ನಡೆಯದು ಎಂಬುದು ಅವರ ನಂಬಿಕೆಯಾಗಿತ್ತು. ಥಾಮಸ್ ಹಿಕಿ ಎಂಬ ಚಿತ್ರಕಾರ 1820ರಲ್ಲಿ ಬರೆದ ಅವರ ಭಾವಚಿತ್ರದಲ್ಲಿ ಈ ವೇಷವನ್ನೇ ಕಾಣಬಹುದು.

ದೇವಿ ಹಾಕಿದ ಪಾದ್ರಿ

ಐವತ್ತು ದಾಟಿದವರ ತೋಳು ನೋಡಿದರೆ ಬಿಲ್ಲೆಯಂಥ ಗುರುತು ಕಾಣುತ್ತದೆ. 'ದೇವಿ ಹಾಕಿಸಿದ್ದು' ಎನ್ನುತ್ತೇವೆ. ಸಿಡುಬಿನ ಲಸಿಕೆ ಅದು. ಮೈಸೂರು ಸೀಮೆಯಲ್ಲಿ ಈ ಲಸಿಕೆಯನ್ನು ಹಳ್ಳಿಗರಿಗೆ ಮೊದಮೊದಲು ಒಪ್ಪಿಸಿದವರಲ್ಲಿ ದುಬುವಾ ಒಬ್ಬರು.

ಇಂಗ್ಲೆಂಡಿನ ಜೆನ್ನರ್ ಕಂಡುಹಿಡಿದ ಲಸಿಕೆ ಭಾರತಕ್ಕೆ ಬಂದದ್ದು 1802ರ ಜೂನ್‌ನಲ್ಲಿ. ಬೊಂಬಾಯಿಯಲ್ಲಿ ಮೂರು ವರ್ಷದ ಅನ್ನಾ ಡಸ್ಟ್‌ಹಾಲ್ ಎಂಬ ಮಗುವಿನ ಮೇಲೆ ಮೊದಲು ಹಿಡಿಯಿತು. ಆಗ ಸೀಸೆಯೂ ಇಲ್ಲ, ತಂಪು ಪೆಟ್ಟಿಗೆಯೂ ಇಲ್ಲ. ಲಸಿಕೆ ಹಾಕಿದವರ ತೋಳಿನಲ್ಲಿ ಸುಮಾರು ಎಂಟನೆಯ ದಿನ ಗುಳ್ಳೆ ಏಳುತ್ತದೆ. ಅದರ ರಸವನ್ನು ತೆಗೆದು ಮುಂದಿನವರ ತೋಳಿಗೆ ಹಾಕಬೇಕು. ಹೀಗೆ ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ಅದು ಸಾಗಬೇಕು. ನಡುವೆ ಒಬ್ಬರು ತಪ್ಪಿಸಿದರೂ ಸರಪಳಿ ಕಡಿದುಹೋಗುತ್ತಿತ್ತು.

ಇದರ ಕಷ್ಟ ನಮ್ಮ ಹಳ್ಳಿಗರಿಗೆ ಹೇಳಿಕೊಡಬೇಕಿಲ್ಲ. ಯಾವ ಜಾತಿಯವರ ತೋಳಿನ ರಸ ಯಾವ ಜಾತಿಯವರ ಮೈಗೆ? ಮೇಲಾಗಿ ಸಿಡುಬು ಎಂದರೆ ರೋಗವಲ್ಲ, ಅಮ್ಮ ಬಂದದ್ದು. ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ಹಾಕದೆ, ಮಾರಿಯಮ್ಮನಿಗೆ ಹರಕೆ ಹೊರುವವರಿಗೆ ಬಿಳಿಯ ಜನ ಕತ್ತಿಯ ಮೊನೆ ಹಿಡಿದು ಬಂದರೆ ಬಾಗಿಲು ತೆರೆಯುವವರು ಯಾರು? ಅಧಿಕಾರಿಯ ಹುಕುಮಿನಿಂದ ಆಗದ ಕೆಲಸ ಊರಿನ ಭಾಷೆ ಬಲ್ಲ, ಊರಿನ ಬಟ್ಟೆ ಉಟ್ಟ ದೊಡ್ಡ ಸ್ವಾಮಿಯವರ ಮಾತಿನಿಂದ ಆಯಿತು. ಲಸಿಕೆ ಹಾಕಿಸಿಕೊಂಡವರು ಸಾವಿರಾರು ಜನ.

ಇದೇ ಕಾಲದಲ್ಲಿ ಮೈಸೂರು ಅರಮನೆಯೂ ಲಸಿಕೆಯ ಪರ ನಿಂತಿತು. ಮೇಲೆ ಹೇಳಿದ ಹಿಕಿ 1805ರಲ್ಲಿ ಬರೆದ ಮೈಸೂರು ರಾಣಿಯರ ಚಿತ್ರವೊಂದಿದೆ. ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸುವುದು ಲಸಿಕೆಯ ಗುರುತನ್ನೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಭಾರತದಲ್ಲಿ ಸಿಡುಬು ಕೊನೆಗೊಂಡದ್ದು 1975ರಲ್ಲಿ. ಪ್ರಪಂಚವೇ ಅದರಿಂದ ಮುಕ್ತ ಎಂದು ಸಾರಿದ್ದು 1980ರಲ್ಲಿ.

ಹೆಸರು ತಂದ ಪುಸ್ತಕ, ಅದರ ಹಿಂದಿನ ಗುಟ್ಟು

ದುಬುವಾ ಹೆಸರು ಪ್ರಪಂಚಕ್ಕೆ ತಿಳಿದದ್ದು ಲಸಿಕೆಯಿಂದಲ್ಲ, ಪುಸ್ತಕದಿಂದ. ಹಿಂದೂಗಳ ನಡೆನುಡಿ, ಆಚಾರ, ವಿಧಿಗಳನ್ನು ಕುರಿತು ಅವರು ಫ್ರೆಂಚ್‌ನಲ್ಲಿ ಬರೆದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಮೆಚ್ಚಿದರು. ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ 1807ರಲ್ಲಿ ಅದನ್ನು ಕಂಪನಿಗಾಗಿ ಎಂಟು ಸಾವಿರ ರೂಪಾಯಿಗೆ ಕೊಳ್ಳಿಸಿದರು. ಇಂಗ್ಲಿಷ್ ಅನುವಾದ 1816ರ ಇಸವಿ ಹೊತ್ತು ಬಂತು, ಫ್ರೆಂಚ್ ಮುದ್ರಣ 1825ರಲ್ಲಿ. ತಿದ್ದಿದ ಪ್ರತಿಯಿಂದ ಬೋಚಂಪ್ ಮಾಡಿದ ಇಂಗ್ಲಿಷ್ ಅನುವಾದ 1897ರಲ್ಲಿ ಹೊರಬಂತು. ಅದಕ್ಕೆ ಮುನ್ನುಡಿಯ ಮಾತು ಬರೆದವರು ಮ್ಯಾಕ್ಸ್ ಮುಲ್ಲರ್.

ಆದರೆ ಕಳೆದ ಶತಮಾನದ ಕೊನೆಯಲ್ಲಿ ಒಂದು ಗುಟ್ಟು ಹೊರಬಿತ್ತು. ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮೂರ್ ಅವರು ಲಂಡನ್ನಿನ ಇಂಡಿಯಾ ಆಫೀಸ್ ಸಂಗ್ರಹದಲ್ಲಿ 1777ರ ಒಂದು ಹಸ್ತಪ್ರತಿಯನ್ನು ಗುರುತಿಸಿದರು. ಅದರ ಮೂಲ ತೆಲುಗು ಸೀಮೆಯಲ್ಲಿ ದುಡಿದ ಕೂರ್ದೂ ಎಂಬ ಜೆಸ್ವಿಟ್ ಪಾದ್ರಿಯ ಬರಹ. ದುಬುವಾ ಅವರ ಪುಸ್ತಕದ ಬಹುಭಾಗ ಇದರಿಂದಲೇ ಬಂದದ್ದು ಎಂದು ಮೂರ್ 1987ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟರು. ಮೂಲದ ಹೆಸರನ್ನು ದುಬುವಾ ಎಲ್ಲೂ ಹೇಳಿರಲಿಲ್ಲ. ಆದ್ದರಿಂದ ಆ ಪುಸ್ತಕವನ್ನು ಮೈಸೂರು ಸೀಮೆಯಲ್ಲಿ ಕಣ್ಣಾರೆ ಕಂಡ ವರದಿ ಎಂದು ಪೂರ್ತಿಯಾಗಿ ನಂಬುವಂತಿಲ್ಲ.

ಅದರಲ್ಲಿನ ಅಭಿಪ್ರಾಯಗಳೂ ಹಾಗೆಯೇ. ಜಾತಿ ಪದ್ಧತಿ ಸಮಾಜವನ್ನು ಶಿಸ್ತಿನಲ್ಲಿ ಇಟ್ಟಿದೆ ಎಂದು ದುಬುವಾ ಹೊಗಳಿದರು. ದಲಿತರ ಬಗ್ಗೆ ಕಠಿಣವಾಗಿ, ತಿರಸ್ಕಾರದಿಂದ ಬರೆದರು. ಬ್ರಾಹ್ಮಣರ ಬಗ್ಗೆ ಮೆಚ್ಚುಗೆಯೂ ಉಂಟು, ಕಟುಮಾತೂ ಉಂಟು. ಊರಿನ ಬಟ್ಟೆ ಉಟ್ಟ ಮಾತ್ರಕ್ಕೆ ಎಲ್ಲರನ್ನೂ ಸಮನಾಗಿ ಕಂಡರು ಎನ್ನಲಾಗದು.

ಸೋಲನ್ನು ಒಪ್ಪಿಕೊಂಡ ಪಾದ್ರಿ

1823ರ ಜನವರಿಯಲ್ಲಿ ದುಬುವಾ ಭಾರತ ಬಿಟ್ಟರು. ಕಂಪನಿ ಪಿಂಚಣಿ ಕೊಟ್ಟಿತು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತ ಮತದ ಸ್ಥಿತಿ ಕುರಿತ ಅವರ ಪತ್ರಗಳು ಅಚ್ಚಾದಾಗ ಮಿಷನರಿ ವಲಯದಲ್ಲಿ ಗದ್ದಲವೆದ್ದಿತು. ತಾನೂ ಒಬ್ಬ ದೇಶೀ ಪಾದ್ರಿಯೂ ಸೇರಿ ಅಷ್ಟು ವರ್ಷಗಳಲ್ಲಿ ಮತಕ್ಕೆ ತಂದವರು ಒಟ್ಟು ಇನ್ನೂರರಿಂದ ಮುನ್ನೂರು ಜನ ಮಾತ್ರ ಎಂದು ಅವರು ಬರೆದಿದ್ದರು. ಅವರಲ್ಲೂ ಮನಸ್ಸಿಟ್ಟು ಬಂದವರು ಕಡಿಮೆ ಎಂದು ಸೇರಿಸಿದ್ದರು. ಮತ ಬದಲಿಸಿದವನು ನೆಂಟರು, ಕುಲ, ಊರು ಎಲ್ಲವನ್ನೂ ಕಳೆದುಕೊಳ್ಳುವ ಈ ದೇಶದಲ್ಲಿ ಮತಾಂತರ ನಡೆಯುವ ಕೆಲಸವಲ್ಲ ಎಂಬುದು ಅವರ ತೀರ್ಮಾನ. ಭಾಷೆ ಸರಿಯಾಗಿ ಬಾರದೆ ಅವಸರದಲ್ಲಿ ಮಾಡಿದ ಬೈಬಲ್ ಅನುವಾದಗಳನ್ನೂ ಅವರು ಟೀಕಿಸಿದರು. ತಿರುನೆಲ್ವೇಲಿ ಕಡೆ ಕೆಲಸ ಮಾಡಿದ್ದ ಜೇಮ್ಸ್ ಹಾಫ್ ಎಂಬ ಇಂಗ್ಲಿಷ್ ಪಾದ್ರಿ ಮರುವರ್ಷವೇ ಇದಕ್ಕೆ ಉತ್ತರವಾಗಿ ಒಂದು ಪುಸ್ತಕ ಬರೆದರು.

ದುಬುವಾ ಹೇಳಿದ್ದು ಪೂರ್ತಿ ಸರಿಯಾಗಲಿಲ್ಲ. ಅವರ ನಂತರದ ನೂರು ವರ್ಷಗಳಲ್ಲಿ ದಕ್ಷಿಣ ಭಾರತದ ಅನೇಕ ಕಡೆ, ಮುಖ್ಯವಾಗಿ ದಲಿತ ಸಮುದಾಯಗಳಲ್ಲಿ, ಊರಿಗೆ ಊರೇ ಕ್ರೈಸ್ತವಾದ ಉದಾಹರಣೆಗಳಿವೆ. ತಾವು ಕಡೆಗಣಿಸಿದವರೇ ಚರ್ಚಿಗೆ ಬಲವಾಗುತ್ತಾರೆಂದು ಅವರು ಕಾಣಲಿಲ್ಲ. ಆದರೂ ಹೊರದೇಶಕ್ಕೆ ಸೇವೆಗೆ ಹೋದವರು ಊರಿಗೆ ಮರಳಿ ಗೆಲುವಿನ ಕಥೆಗಳನ್ನೇ ಹೇಳುತ್ತಿದ್ದ ಕಾಲದಲ್ಲಿ, ತಾನು ಬಂದ ಕೆಲಸ ಆಗಲಿಲ್ಲ ಎಂದು ಅಚ್ಚುಹಾಕಿಸಿ ಹೇಳಿದ ಪಾದ್ರಿಗಳು ವಿರಳ.

ಪ್ಯಾರಿಸ್‌ಗೆ ಮರಳಿದ ಮೇಲೆ ತಮ್ಮ ಸಂಸ್ಥೆಯ ಆಡಳಿತದಲ್ಲಿ ದುಡಿದರು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಪಂಚತಂತ್ರದ ಜೊತೆಗೆ ತಮಿಳುನಾಡಿನಲ್ಲಿ ಮನೆಮಾತಾದ ಪರಮಾರ್ಥ ಗುರುವಿನ ಕಥೆಗಳನ್ನೂ ಫ್ರೆಂಚರಿಗೆ ಓದಿಸಿದರು. 1848ರ ಫೆಬ್ರವರಿಯಲ್ಲಿ ತೀರಿಕೊಂಡರು. ಮತ್ತೆ ಭಾರತಕ್ಕೆ ಬರಲಿಲ್ಲ.

ಬಂದ ಉದ್ದೇಶ ಕೈಗೂಡಲಿಲ್ಲ ಎಂದು ಅವರೇ ಹೇಳಿದರು. ಹೆಸರು ತಂದ ಪುಸ್ತಕದಲ್ಲಿ ಬಹುಪಾಲು ಇನ್ನೊಬ್ಬರದು ಎಂದು ತಿಳಿದುಬಂದಿದೆ. ನಿಂತದ್ದು ಪಕ್ಕದ ಕೆಲಸ ಎನಿಸಿಕೊಂಡವೇ: ಊರು ಕಳೆದುಕೊಂಡವರಿಗೆ ನೆಲ, ಮಕ್ಕಳ ತೋಳಿಗೆ ಲಸಿಕೆ, ಮೂರು ಭಾಷೆಯ ಕಥೆಗೊಂದು ನಾಲ್ಕನೆಯ ಭಾಷೆ. ಮೂರಕ್ಕೂ ಬಂಡವಾಳ ಒಂದೇ, ಜನರ ನಡುವೆ ಕೂತು ಕಲಿತ ಮಾತು.

ಇಸವಿಗಳಲ್ಲಿ ದುಬುವಾ

1792: ಪಾದ್ರಿ ದೀಕ್ಷೆ, ಭಾರತಕ್ಕೆ ಪ್ರಯಾಣ
1799: ಟಿಪ್ಪು ಮರಣ, ಆ ಬಳಿಕ ಮೈಸೂರು ಸೀಮೆಯಲ್ಲಿ ಕೆಲಸ
1802: ಸಿಡುಬಿನ ಲಸಿಕೆ ಭಾರತಕ್ಕೆ
1807: ಹಸ್ತಪ್ರತಿಯನ್ನು ಕಂಪನಿ ಕೊಂಡದ್ದು
1823: ಭಾರತದಿಂದ ನಿರ್ಗಮನ, ಪತ್ರಗಳ ಪ್ರಕಟಣೆ
1826: ಫ್ರೆಂಚ್‌ನಲ್ಲಿ ಪಂಚತಂತ್ರ
1848: ಮರಣ
1987: ಪುಸ್ತಕದ ಮೂಲ ಕುರಿತ ಸಿಲ್ವಿಯಾ ಮೂರ್ ಗ್ರಂಥ