ಬಂಗಾರ ಮುಗಿದ ಮೇಲೆ ಉಳಿದದ್ದು

ಮೊನ್ನೆ ಮಾವಿನ ಗಿಡಕ್ಕ ಪಾತಿ ಮಾಡುವಾಗ ಕೆಲಸಕ್ಕ ಬಂದ ಹುಡುಗ, "ಅಣ್ಣಾರ, ಕನಕದಾಸರಿಗೆ ಸಿಕ್ಕಂಗ ನಮಗೂ ಒಂದು ಕೊಪ್ಪರಿಗೆ ಸಿಕ್ಕರ?" ಅಂದ. ಬಾಡದ ತಿಮ್ಮಪ್ಪ ನಾಯಕರಿಗೆ ನೆಲದಾಗ ಹೊನ್ನು ಸಿಕ್ಕಿತು, ಅದು ಕಾಗಿನೆಲೆ ಆದಿಕೇಶವನ ಗುಡಿಗೆ ಹೋಯಿತು ಅನ್ನೋ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನಕ್ಕು ಸುಮ್ಮನಾದೆ. ಆದರ ನಮ್ಮ ಸೀಮೆಯ ಮಣ್ಣಿನಾಗ ಬಂಗಾರ ಇರೋದು ಬರೀ ಕಥೆಯಲ್ಲ.

ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮಳೆ ಆದ ಮೇಲೆ ಉಸುಕು ತೊಳೆದು ಬಂಗಾರದ ಪುಡಿ ತೆಗೀತಿದ್ದರು. 1874ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಅಲ್ಲಿಯ ಬಂಗಾರದ ಬಗ್ಗೆ ಬರೆದ. ಮುಂದೆ 1900ರ ನಂತರ ಬ್ರಿಟಿಷ್ ಕಂಪನಿಗಳು ಬಂದು ಗಣಿ ತೋಡಿದವು, ಗಿಟ್ಟಲಿಲ್ಲ, ಕೆಲವೇ ವರ್ಷಕ್ಕೆ ಬಿಟ್ಟು ಹೋದವು.

ದೂರದ ನ್ಯೂಜಿಲೆಂಡಿನ ಒಟಾಗೋದಲ್ಲಿ 1861ರಿಂದ ಬಂಗಾರಕ್ಕೆ ಜನ ಮುಗಿಬಿದ್ದರು. ಸಮುದ್ರದಿಂದ ಒಳಗೆ, ನಮಗಿಂತ ಕಡಿಮೆ ಮಳೆಯ ನಾಡು. ಮಣ್ಣು ತೊಳೆಯಾಕ ನೀರು ಬೇಕಲ್ಲ, ಗುಡ್ಡದ ಹಳ್ಳದಿಂದ ಮೈಲುಗಟ್ಟಲೆ ಕಾಲುವೆ ತೆಗೆದರು. ಬಂಗಾರ ಕಡಿಮೆ ಆತು, ಕಾಲುವೆ ಉಳೀತು. ಅದೇ ನೀರಿನಾಗ ತೋಟ ಎದ್ದವು. ಇವತ್ತು ಅಲ್ಲಿಯ ರಾಕ್ಸ್‌ಬರ್ಗ್ ಅನ್ನೋ ಊರು ಅಂದ್ರ ಏಪ್ರಿಕಾಟು, ಸೇಬು, ಚೆರ್ರಿ. ಎಲ್ಲಾ ಚಲೋನ ಆತು ಅಂತಲ್ಲ, ನದಿ ದಂಡೆಯ ಒಳ್ಳೇ ಮಣ್ಣನ್ನ ಯಂತ್ರ ಹಚ್ಚಿ ಬುಡಮೇಲು ಮಾಡಿ ಕಲ್ಲಿನ ರಾಶಿ ಒಟ್ಟಿದ್ದೂ ಐತಿ.

ನಮ್ಮ ಕೋಲಾರ ನೋಡ್ರಿ. ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಇಳೀತು. 1902ರಲ್ಲೇ ಶಿವನಸಮುದ್ರದ ಕರೆಂಟು ಬಂತು, ಬೇತಮಂಗಲದ ಕೆರೆ ನೀರೂ ಗಣಿ ಊರಿಗೆ ಹೋತು. ಅದೇ ಜಿಲ್ಲೆಯ ಶ್ರೀನಿವಾಸಪುರ ಮಾವಿಗೆ ಹೆಸರಾತು, ಆದರ ಗಣಿಯಿಂದಲ್ಲ, ರೈತರ ಬೆವರಿನಿಂದ. 2001ರಲ್ಲಿ ಗಣಿ ಮುಚ್ಚಿತು. ಉಳಿದದ್ದು ಸಯನೈಡ್ ಬೆರೆತ ಮಣ್ಣಿನ ಗುಡ್ಡಗಳು. ಗಾಳಿ ಬೀಸಿದಾಗ ಅದರ ಧೂಳು ಮನಿಯೊಳಗ ಬರತೈತಿ.

ಇದನ್ನೆಲ್ಲಾ ಯಾಕ ಬರೆದೆ ಅಂದ್ರ, ನಮ್ಮ ಹಾವೇರಿ ತಾಲ್ಲೂಕಿನ ಗಣಜೂರಿನಾಗೂ ಬಂಗಾರದ ನಿಕ್ಷೇಪ ಐತಿ, ನೆಲ ಕೊರೆದು ನೋಡ್ಯಾರ. ಎಕರೆಗೆ ಎಷ್ಟು ಕೊಡ್ತಾರ ಅಂತ ಕಟ್ಟಿ ಮ್ಯಾಲೆ ಲೆಕ್ಕ ಹಾಕೋರನ್ನ ಕಂಡೇನಿ. ನೀರು ಎಲ್ಲಿಂದ ತರ್ತಾರ, ತೊಳೆದ ಮಣ್ಣು ಎಲ್ಲಿ ಒಟ್ಟತಾರ ಅಂತ ಕೇಳಿದ್ದಕ್ಕ ಯಾರೂ ಬಾಯಿ ಬಿಡಲಿಲ್ಲ. ಗ್ರಾಮಸಭೆ ಕರೆದರ ಇವೆರಡನ್ನ ಬರೆದುಕೊಂಡು ಹೋಗೋಣ ರೀ, ನಾನೂ ಬರ್ತೀನಿ.